ಪಿಎಸ್‌ಎ ಮೊದಲು 5.8, ಆಮೇಲೆ 4.9. ಮುಂದಿನ ಟೆಸ್ಟ್‌ವರೆಗೆ ಮನಸ್ಸನ್ನು ಎಲ್ಲಿಡೋದು?

ಟ್ಯಾಲಿ ಆಗದವ

ಎಲ್ಲರಿಗೂ ನಮಸ್ಕಾರ. ನನಗೆ 58 ವರ್ಷ. ಲೆಕ್ಕಪತ್ರದ ಕೆಲಸ. ಎರಡು ಕಡೆಯ ಮೊತ್ತ ಕೂಡದಿದ್ದರೆ ರಾತ್ರಿ ಹತ್ತಾದರೂ ಕುರ್ಚಿ ಬಿಟ್ಟು ಏಳದ ಪೈಕಿ. ಇದನ್ನು ಯಾಕೆ ಹೇಳಿದೆ ಅಂದ್ರೆ, ಈಗ ಕೈಯಲ್ಲಿರುವ ಲೆಕ್ಕ ಯಾವ ಕಡೆಯಿಂದ ಕೂಡಿದರೂ ಕೂಡುತ್ತಿಲ್ಲ.

ಆಫೀಸಿನ ವರ್ಷದ ತಪಾಸಣೆಗೆ ರಕ್ತ ಕೊಟ್ಟಿದ್ದೆ. ಸಕ್ಕರೆ, ಕೊಲೆಸ್ಟ್ರಾಲ್ ಎಷ್ಟಿದೆ ನೋಡೋಣ ಅಂತ ಹೋದವನು. ಆ ಪ್ಯಾಕೇಜಿನಲ್ಲಿ ಪಿಎಸ್‌ಎ ಕೂಡ, ಅಂದ್ರೆ ಗಂಡಸರ ಪ್ರಾಸ್ಟೇಟ್ ಗ್ರಂಥಿಗೆ ಸಂಬಂಧಿಸಿದ ರಕ್ತ ಪರೀಕ್ಷೆ, ಸೇರಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ಮಾಡಿಸಲಾ ಅಂತ ಯಾರೂ ಕೇಳಲೂ ಇಲ್ಲ. ರಿಪೋರ್ಟ್ ಫೋನಿಗೆ ಬಂದದ್ದು ರಾತ್ರಿ, ಮಲಗುವ ಹೊತ್ತಿಗೆ. ಎಲ್ಲ ಸಾಲೂ ಕಪ್ಪು, ಒಂದು ಸಾಲು ಮಾತ್ರ ದಪ್ಪ ಕೆಂಪು. 5.80, ಪಕ್ಕದಲ್ಲಿ ‘ಎಚ್’, ಅಂದ್ರೆ ಹೈ, ಜಾಸ್ತಿ. ನಾರ್ಮಲ್ 0ಯಿಂದ 4. ಅದರ ಕೆಳಗೆ ‘ನಿಮ್ಮ ವೈದ್ಯರನ್ನು ಕಾಣಿ’ ಅಂತ ಒಂದು ಸಾಲು. ಆ ಹೊತ್ತಿನಲ್ಲಿ ಯಾವ ವೈದ್ಯರು ಸಿಗುತ್ತಾರೆ? ಗೂಗಲ್ ಸಿಕ್ಕಿತು. ಬೆಳಗಾಗುವಷ್ಟರಲ್ಲಿ ಮೂಳೆಗೆ ಹರಡುವ ಹಂತದವರೆಗೂ ಓದಿ ಮುಗಿಸಿದ್ದೆ.

ನಮ್ಮ ಮಾಮೂಲಿ ಡಾಕ್ಟ್ರು ಗಾಬರಿ ಆಗಲಿಲ್ಲ. ಮೂತ್ರ ಪರೀಕ್ಷೆ ಮಾಡಿಸಿದರು, ಸೋಂಕು ಇರಲಿಲ್ಲ. ಕೆಲವು ವಾರ ಬಿಟ್ಟು ಮತ್ತೆ ರಕ್ತ ಕೊಡಿ ಅಂದರು. ಆ ಸಲ 4.9 ಬಂತು. ನನಗೆ ಎಂಥ ಖುಷಿ ಅಂತೀರಿ! ಎಕ್ಸೆಲ್ ತೆರೆದು ಎರಡು ಚುಕ್ಕೆ ಇಟ್ಟು ಗೆರೆ ಎಳೆದೆ. ಗೆರೆ ಚೆನ್ನಾಗಿ ಇಳೀತಿತ್ತು. ಎರಡೇ ಚುಕ್ಕೆ ಇದ್ದಾಗ ಗೆರೆ ಎತ್ತಲಾದರೂ ಹೋಗಲೇಬೇಕು ಅನ್ನೋದು ಗೊತ್ತಿದ್ದೂ ಎಳೆದೆ.

ಜೊತೆಗೆ ಫ್ರೀ ಪಿಎಸ್‌ಎ ಅಂತ ಇನ್ನೊಂದು ಮಾಡಿಸಿದರು. ರಕ್ತದಲ್ಲಿ ಬೇರೆ ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಪಿಎಸ್‌ಎಯ ಪಾಲು ಅದು. ಶೇಕಡ 25ಕ್ಕಿಂತ ಜಾಸ್ತಿ ಇದ್ದರೆ ಕ್ಯಾನ್ಸರ್ ಇರುವ ಸಾಧ್ಯತೆ ಕಡಿಮೆ, 10ಕ್ಕಿಂತ ಕಡಿಮೆ ಇದ್ದರೆ ಸಾಧ್ಯತೆ ಜಾಸ್ತಿ ಅಂತೆ. ನನ್ನದು 17. ಎಲ್ಲಿ ನೋಡಿದರೂ ನಡುಮಧ್ಯದಲ್ಲೇ ಬಂದು ಕೂತಿದ್ದೇನೆ.

ಮೂತ್ರಾಂಗ ತಜ್ಞರ ಹತ್ತಿರ ಹೋದೆ. ಗುದದ್ವಾರದಿಂದ ಬೆರಳು ಹಾಕಿ ಗ್ರಂಥಿ ಮುಟ್ಟಿ ನೋಡಿದರು. ‘ನಯವಾಗಿದೆ, ಗಂಟು ಸಿಗಲಿಲ್ಲ, ಸ್ವಲ್ಪ ದಪ್ಪ ಆಗಿದೆ, ವಯಸ್ಸಿಗೆ ಸಹಜ’ ಅಂದರು. ಆಮೇಲೆ, ‘ಮೂರು ತಿಂಗಳು ಬಿಟ್ಟು ಮತ್ತೆ ಪಿಎಸ್‌ಎ ನೋಡಬಹುದು. ಇಲ್ಲಾ ಈಗಲೇ ಎಂಆರ್‌ಐ ಮಾಡಿಸಬಹುದು. ಎರಡೂ ಸರಿ’ ಅಂದರು. ನನಗೆ ಆ ‘ಎರಡೂ ಸರಿ’ ಅನ್ನೋದೇ ನುಂಗೋಕೆ ಆಗ್ತಿಲ್ಲ. ಎರಡೂ ಸರಿ ಇದ್ದರೆ ಆರಿಸೋದು ಯಾವ ಆಧಾರದ ಮೇಲೆ?

ವಂಶದಲ್ಲಿ ಯಾರಿಗಾದರೂ ಇತ್ತಾ ಅಂತಲೂ ಕೇಳಿದರು. ಅಪ್ಪನಿಗೆ ಇರಲಿಲ್ಲ. ದೊಡ್ಡಪ್ಪನಿಗೆ ಕೊನೆಗಾಲದಲ್ಲಿ ‘ಮೂತ್ರದ ತೊಂದರೆ’ ಇತ್ತು, ಟ್ಯೂಬ್ ಹಾಕಿದ್ದರು. ಅದು ಕ್ಯಾನ್ಸರೋ, ಬರೀ ಗ್ರಂಥಿ ಊದಿದ್ದೋ ಮನೆಯಲ್ಲಿ ಯಾರಿಗೂ ತಿಳಿಯದು. ಆಗ ಯಾರೂ ಅದರ ಹೆಸರು ಎತ್ತುತ್ತಿರಲಿಲ್ಲ. ಫಾರಂನಲ್ಲಿ ‘ಹೌದು’, ‘ಇಲ್ಲ’ ಅಂತ ಎರಡೇ ಚೌಕ. ಎರಡರ ನಡುವೆ ಒಂದು ಪ್ರಶ್ನೆ ಚಿಹ್ನೆ ಬರೆದು ಕೊಟ್ಟು ಬಂದೆ.

ಚಿಕಿತ್ಸೆ ಏನು ಅಂತ ನಾನು ಇಲ್ಲಿ ಕೇಳ್ತಿಲ್ಲ, ಅದಕ್ಕೆ ಡಾಕ್ಟ್ರು ಇದ್ದಾರೆ. ಈ ನಡುವಿನ ಕಾಲವನ್ನು ನೀವೆಲ್ಲ ಹೇಗೆ ದಾಟಿದಿರಿ? ರಾತ್ರಿ ಬಚ್ಚಲಿಗೆ ಎದ್ದಾಗ ಧಾರೆ ಹೇಗೆ ಬೀಳ್ತಿದೆ ಅಂತ ಕಿವಿಗೊಟ್ಟು ಕೇಳ್ತಾ ನಿಂತಿರ್ತೀನಿ. ಬೆನ್ನು ಸ್ವಲ್ಪ ಹಿಡಿದರೆ ಎದೆ ಧಸಕ್ ಅನ್ನುತ್ತೆ. ಮನೆಯವಳಿಗೆ ‘ಏನೋ ಸ್ವಲ್ಪ ಜಾಸ್ತಿ ಇದೆಯಂತೆ’ ಅಂತ ಅರ್ಧ ಹೇಳಿದ್ದೇನೆ. ಮಗನಿಗೆ ಏನೂ ಹೇಳಿಲ್ಲ. ಹೇಳಬೇಕಾ?

ಹಳೇ ಲ್ಯಾಬ್‌ನವ

ಸರ್, ನಾನು ನಿವೃತ್ತ ಲ್ಯಾಬ್ ಟೆಕ್ನಿಷಿಯನ್. ಡಾಕ್ಟರಲ್ಲ. ಆದರೆ ನಿಮ್ಮನ್ನು ನಿದ್ದೆಗೆಡಿಸಿದ ಆ ನಂಬರ್ ಹೊರಗೆ ಬರುವ ಬಾಗಿಲಲ್ಲಿ ಬಹಳ ವರ್ಷ ನಿಂತಿದ್ದವನು. ಹಾಗಾಗಿ ಅದರ ಬಗ್ಗೆ ಮಾತ್ರ ಹೇಳ್ತೀನಿ.

ಆ ಕೆಂಪು ‘ಎಚ್’ ಯಾವ ಮನುಷ್ಯನೂ ಹಾಕಿದ್ದಲ್ಲ. ಕಂಪ್ಯೂಟರಿಗೆ 4 ಅಂತ ಒಂದು ಗೆರೆ ಕೊಟ್ಟಿರುತ್ತಾರೆ. 4.00 ಬಂದರೆ ಕಪ್ಪು, 4.01 ಬಂದರೆ ಕೆಂಪು. ಆ 0.01ರಲ್ಲಿ ಕಾಯಿಲೆ ಹುಟ್ಟೋದಿಲ್ಲ. ದಿನಾ ಬೆಳಗ್ಗೆ ರೋಗಿಗಳ ಸ್ಯಾಂಪಲ್ ಹಾಕುವ ಮೊದಲು, ಎಷ್ಟು ಬರಬೇಕು ಅಂತ ಗೊತ್ತಿರುವ ಕಂಟ್ರೋಲ್ ಹಾಕಿ ಯಂತ್ರ ಸರಿ ಇದೆಯಾ ನೋಡ್ತಿದ್ದೆವು. 4.0 ಬರಬೇಕಾದ್ದು ಒಂದು ದಿನ 3.9 ತೋರಿಸೋದು, ಮರುದಿನ 4.1. ಎರಡೂ ಪಾಸ್. ಯಂತ್ರ ದಶಾಂಶದ ಆಚೆ ಎರಡು ಅಂಕಿ ಮುದ್ರಿಸುತ್ತೆ ಅಂದ ಮಾತ್ರಕ್ಕೆ ಅಷ್ಟು ನಿಖರ ಅಂತ ಅಲ್ಲ.

ಇದು ಯಂತ್ರದ ಮಾತಾಯಿತು. ಮೈಯೊಳಗೂ ಅದು ಒಂದೇ ಕಡೆ ನಿಲ್ಲಲ್ಲ. ಅದೇ ಮನುಷ್ಯ, ಅದೇ ಲ್ಯಾಬ್, ಬೇರೆ ವಾರ: ಶೇಕಡ 15-20ರಷ್ಟು ಹೆಚ್ಚುಕಡಿಮೆ ಆಗೋದು ಮಾಮೂಲಿ. ನಿಮ್ಮ ಎರಡು ನಂಬರ್ ತೆಗೆದುಕೊಳ್ಳಿ. 5.8ರಿಂದ 4.9ಕ್ಕೆ ಇಳಿದದ್ದು ಸುಮಾರು ಶೇಕಡ 15. ಅಂದ್ರೆ ಲ್ಯಾಬಿನವನ ಕಣ್ಣಿಗೆ ನಿಮಗೆ ಎರಡು ಸಲವೂ ಬಂದದ್ದು ಒಂದೇ ಉತ್ತರ: ‘ಐದರ ಆಸುಪಾಸು’. ಮೊದಲನೆಯದಕ್ಕೆ ಅಷ್ಟು ಹೆದರಬೇಕಿರಲಿಲ್ಲ, ಎರಡನೆಯದಕ್ಕೆ ಅಷ್ಟು ಕುಣಿಯಬೇಕೂ ಇರಲಿಲ್ಲ. ನಾಳೆ 5.3 ಬಂದರೆ ನಿಮ್ಮ ಎಕ್ಸೆಲ್ ಗೆರೆ ಮೇಲಕ್ಕೆ ತಿರುಗುತ್ತೆ, ಆಗ ದಯವಿಟ್ಟು ಫೋನ್ ಹಿಡಿದುಕೊಂಡು ರಾತ್ರಿಯೆಲ್ಲ ಕೂರಬೇಡಿ.

ಪಿಎಸ್‌ಎ ಪ್ರಾಸ್ಟೇಟ್ ಗ್ರಂಥಿಯಲ್ಲಿ ತಯಾರಾಗುವ ಪ್ರೋಟೀನ್, ವೀರ್ಯ ನೀರಾಗಿರಲಿ ಅಂತ ಇರುವುದು. ಅದರಲ್ಲಿ ಚೂರುಪಾರು ರಕ್ತಕ್ಕೆ ಸೋರುತ್ತೆ. ಗ್ರಂಥಿ ದೊಡ್ಡದಾದರೆ ಜಾಸ್ತಿ ಸೋರುತ್ತೆ. ಸೋಂಕು, ಉರಿಯೂತ ಆದರೂ ಸೋರುತ್ತೆ. ಕ್ಯಾನ್ಸರ್ ಆದರೂ ಸೋರುತ್ತೆ. ಮನೆ ಮುಂದೆ ನಾಯಿ ಬೊಗಳಿದ ಹಾಗೆ. ಯಾರೋ ಬಂದಿದ್ದಾರೆ ಅಂತ ತಿಳಿಯುತ್ತೆ, ಕಳ್ಳನೋ ನೆಂಟನೋ ಅಂತ ಅದು ಹೇಳಲ್ಲ. ಪಿಎಸ್‌ಎ 4ರಿಂದ 10ರ ಒಳಗಿದ್ದು ಬಯಾಪ್ಸಿ (ಸೂಜಿಯಿಂದ ಗ್ರಂಥಿಯ ಚೂರು ತೆಗೆದು ನೋಡುವುದು) ಮಾಡಿಸಿಕೊಂಡವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕ್ಯಾನ್ಸರ್ ಸಿಗುತ್ತೆ. ಮೂವರಿಗೆ ಸಿಗಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳಿಬಿಡ್ತೀನಿ, ಅರ್ಧ ಹೇಳಿ ಸಮಾಧಾನ ಮಾಡೋದು ನನಗೆ ಬರಲ್ಲ. 2004ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನದ ವರದಿ ಬಂತು. ಪಿಎಸ್‌ಎ 4 ಅಥವಾ ಅದಕ್ಕಿಂತ ಕಡಿಮೆ ಇದ್ದವರಿಗೂ ಬಯಾಪ್ಸಿ ಮಾಡಿ ನೋಡಿದ್ದರು. ಶೇಕಡ 15 ಮಂದಿಯಲ್ಲಿ ಕ್ಯಾನ್ಸರ್ ಸಿಕ್ಕಿತು. ಅದರಲ್ಲಿ ಬಹುಪಾಲು ಜೋರಿಲ್ಲದ ಜಾತಿಯದು, ನಿಜ. ಆದರೆ ‘ಇಷ್ಟರ ಕೆಳಗೆ ನಿಶ್ಚಿಂತೆ’ ಅನ್ನುವ ಗೆರೆ ಎಲ್ಲೂ ಇಲ್ಲ ಅಂತ ಅವತ್ತು ಖಚಿತವಾಯಿತು. ನೀವು 3.9 ಬಂದು ಕಪ್ಪು ಅಕ್ಷರ ನೋಡಿ ಮಲಗಿದ್ದರೂ ನಿಮ್ಮ ಸ್ಥಿತಿ ಈಗಿನದಕ್ಕಿಂತ ಬಹಳ ಬೇರೆ ಇರ್ತಿರಲಿಲ್ಲ. ನಿದ್ದೆ ಬರ್ತಿತ್ತು, ಅಷ್ಟೇ.

ಮುಂದಿನ ಸಲ ರಕ್ತ ಕೊಡುವ ಮೊದಲು ಎರಡು ದಿನ ಸೈಕಲ್ ತುಳಿಯಬೇಡಿ, ವೀರ್ಯಸ್ಖಲನ ಆಗಿರಬಾರದು. ಮೂತ್ರದ ಸೋಂಕು ಆಗಿದ್ದರೆ ಆರು ವಾರವಾದರೂ ಬಿಡಿ. ಅದೇ ಲ್ಯಾಬಿನಲ್ಲೇ ಕೊಡಿ, ಕಿಟ್ ಬದಲಾದರೆ ನಂಬರ್ ಕೂಡ ಬದಲಾಗುತ್ತೆ. ಕೂದಲು ಉದುರುವುದಕ್ಕೋ ಪ್ರಾಸ್ಟೇಟ್ ಊತಕ್ಕೋ ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ತಗೊಳ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಅವು ಕೆಲವು ತಿಂಗಳಲ್ಲಿ ಪಿಎಸ್‌ಎಯನ್ನು ಅರ್ಧಕ್ಕೆ ಇಳಿಸುತ್ತವೆ. ಅದನ್ನು ಹೇಳದೆ ತೋರಿಸಿದರೆ ಎಲ್ಲ ಚೆನ್ನಾಗಿದೆ ಅಂತ ಕಾಣುತ್ತೆ.

ಮೂರು ಪ್ಲಸ್ ಮೂರು

ನನ್ನ ಹೆಸರು ನೋಡಿದರೆ ಗೊತ್ತಿರುವವರಿಗೆ ಗೊತ್ತಾಗುತ್ತೆ. ಗ್ಲೀಸನ್ ಅಂದ್ರೆ ಬಯಾಪ್ಸಿ ನೋಡಿ ಕ್ಯಾನ್ಸರ್ ಎಷ್ಟು ಜೋರಿನದು ಅಂತ ಕೊಡುವ ಅಂಕ. ನನ್ನದು 3+3, ಅಂದ್ರೆ 6, ಜೋರಿಲ್ಲದ್ದು. ಕ್ಯಾನ್ಸರ್ ಇದೆ, ಚಿಕಿತ್ಸೆ ಇಲ್ಲ, ಬೇಕಾಗಿಯೂ ಇಲ್ಲ. ಆರು ತಿಂಗಳಿಗೊಮ್ಮೆ ಪಿಎಸ್‌ಎ, ಆಗಾಗ ಎಂಆರ್‌ಐ, ಡಾಕ್ಟ್ರು ಹೇಳಿದಾಗ ಬಯಾಪ್ಸಿ. ಇದಕ್ಕೆ ‘ಆಕ್ಟಿವ್ ಸರ್ವೇಲೆನ್ಸ್’ ಅಂತಾರೆ. ಪೊಲೀಸರ ಭಾಷೆ ಅನ್ನಿಸುತ್ತೆ ಅಲ್ವಾ? ಹೀಗೇ ವರ್ಷಗಳು ಕಳೆದಿವೆ. ನೀವು ಈಗ ನಿಂತಿರುವ ಜಾಗದಲ್ಲಿ ನಾನು ಕುರ್ಚಿ ಹಾಕಿಕೊಂಡು ಕೂತಿದ್ದೇನೆ ಅಂತ ತಿಳಿಯಿರಿ.

ಲ್ಯಾಬ್‌ನವರು ಹೇಳಿದ್ದೆಲ್ಲ ಸರಿ. ಆದರೆ ಒಂದು ಮಾತು. ಅಂಕಿ ಅಂಶ ತಿಳಿದರೆ ಹಗಲಿನ ಹೆದರಿಕೆ ಕಡಿಮೆಯಾಗುತ್ತೆ. ರಾತ್ರಿಯದು ಬೇರೆ. ಅದಕ್ಕೆ ನಾನು ಮಾಡಿಕೊಂಡ ಏರ್ಪಾಡುಗಳನ್ನು ಹೇಳ್ತೀನಿ, ನಿಮಗೆ ಒಗ್ಗಿದ್ದನ್ನು ತಗೊಳ್ಳಿ.

ಮೊದಲನೆಯದು, ಆಪ್‌ನ ನೋಟಿಫಿಕೇಶನ್ ಆಫ್. ರಿಪೋರ್ಟ್ ನನ್ನ ಹತ್ತಿರ ಮೊದಲು ಬರುವುದೇ ಬೇಡ. ಡಾಕ್ಟರ ಅಪಾಯಿಂಟ್‌ಮೆಂಟ್ ಮೊದಲೇ ತೆಗೆದುಕೊಂಡು, ಅದರ ಹಿಂದಿನ ದಿನವೋ ಅದಕ್ಕೂ ಹಿಂದಿನ ದಿನವೋ ರಕ್ತ ಕೊಡ್ತೀನಿ. ನಂಬರ್ ಕೇಳುವಾಗ ಎದುರಿಗೆ ಅದನ್ನು ಬಿಡಿಸಿ ಹೇಳುವವರು ಇರಬೇಕು. ಶುಕ್ರವಾರ ಅಂತೂ ರಕ್ತ ಕೊಡಲ್ಲ. ಶನಿವಾರ, ಭಾನುವಾರ ಒಂದು ಅಂಕಿ ಇಟ್ಟುಕೊಂಡು ಮನೆಯಲ್ಲಿ ಓಡಾಡೋದು ಯಾರಿಗೆ ಬೇಕು?

ಎರಡನೆಯದು ಇದಕ್ಕಿಂತ ಮುಖ್ಯ. ಫಲಿತಾಂಶ ಬರುವ ಮೊದಲೇ, ತಲೆ ತಣ್ಣಗಿರುವಾಗ, ಡಾಕ್ಟರ ಹತ್ತಿರ ಕೂತು ಬರೆದುಕೊಳ್ತೀನಿ: ಇಷ್ಟರ ಒಳಗೆ ಬಂದರೆ ಏನೂ ಮಾಡಲ್ಲ, ಇಷ್ಟು ದಾಟಿದರೆ ಮತ್ತೊಮ್ಮೆ ರಕ್ತ, ಅದೂ ಹಾಗೇ ಬಂದರೆ ಎಂಆರ್‌ಐ. ಡಾಕ್ಟರ ಕೈಬರಹದಲ್ಲೇ ಬರೆಸಿಕೊಂಡಿದ್ದೇನೆ. ಫೈಲಿನ ಮೊದಲ ಪುಟದಲ್ಲಿ ಅದೇ ಇದೆ. ಒಂದು ಸಲ ನನ್ನ ಪಿಎಸ್‌ಎ ಸರ್ರನೆ ಮೇಲೆ ಹೋಯಿತು. ಕೈ ನಡುಗ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಮುಂದೇನು ಅಂತ ಹೊಸದಾಗಿ ಯೋಚಿಸುವ ಕೆಲಸ ಇರಲಿಲ್ಲ, ಹಾಳೆಯಲ್ಲಿ ಇತ್ತು. ಮತ್ತೆ ಮಾಡಿಸಿದಾಗ ಹಳೇ ಜಾಗಕ್ಕೆ ಇಳಿದಿತ್ತು.

‘ಎರಡೂ ಸರಿ’ ಅಂದರಲ್ಲ ನಿಮ್ಮ ಡಾಕ್ಟ್ರು, ಅದನ್ನು ಸ್ವಲ್ಪ ಬೇರೆ ಥರ ಕೇಳಿಸಿಕೊಳ್ಳಿ. ಈ ಕಾಯಿಲೆ ಇದ್ದರೂ ಸಾಮಾನ್ಯವಾಗಿ ನಿಧಾನ. ಮೂರು ತಿಂಗಳು ಹೆಚ್ಚುಕಡಿಮೆ ಆದರೆ ನಿಮ್ಮಂಥ ಸ್ಥಿತಿಯಲ್ಲಿ ಏನೂ ಕೈತಪ್ಪಲ್ಲ. ಅದಕ್ಕೇ ಅವರಿಗೆ ಹಾಗೆ ಹೇಳೋಕೆ ಆಯಿತು. ಬ್ರಿಟನ್ನಿನಲ್ಲಿ ಒಂದು ಅಧ್ಯಯನ ನಡೆದಿತ್ತು. ಪಿಎಸ್‌ಎಯಿಂದ ಪತ್ತೆಯಾದ, ಗ್ರಂಥಿಯ ಒಳಗೇ ಇದ್ದ ಕ್ಯಾನ್ಸರ್‌ನ 1,643 ಜನರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಆಪರೇಷನ್, ಒಂದಕ್ಕೆ ರೇಡಿಯೇಷನ್, ಒಂದಕ್ಕೆ ಬರೀ ನಿಗಾ. 15 ವರ್ಷದ ಲೆಕ್ಕ 2023ರಲ್ಲಿ ಹೊರಬಂತು. ಆ ಕ್ಯಾನ್ಸರ್‌ನಿಂದ ತೀರಿಕೊಂಡವರು ಮೂರು ಗುಂಪಿನಲ್ಲೂ ನೂರಕ್ಕೆ ಮೂವರ ಆಸುಪಾಸು. ನಿಗಾ ಗುಂಪಿನಲ್ಲಿ ಕಾಯಿಲೆ ಹರಡಿದ್ದು ಉಳಿದ ಗುಂಪುಗಳ ಸುಮಾರು ಎರಡು ಪಟ್ಟು ಇತ್ತು, ಅದನ್ನು ಮುಚ್ಚಿಡಬಾರದು. ಆಪರೇಷನ್ ಗುಂಪಿನಲ್ಲಿ ಮೂತ್ರ ಸೋರುವುದು, ಗಂಡಸುತನದ ತೊಂದರೆ ಜಾಸ್ತಿ ಇತ್ತು, ಅದನ್ನೂ ಮುಚ್ಚಿಡಬಾರದು.

ನೀವಿನ್ನೂ ಇಷ್ಟು ದೂರ ಬಂದಿಲ್ಲ, ಬರದೇ ಇರಲಿ. ಆದರೆ ರಾತ್ರಿ ಗೂಗಲ್‌ನಲ್ಲಿ ನೇರ ಮೂಳೆಗೆ ಹೋದಿರಲ್ಲ, ಆ ದಾರಿಯಲ್ಲಿ ಇಷ್ಟೊಂದು ನಿಲ್ದಾಣಗಳಿವೆ ಅಂತ ತಿಳಿದಿರಲಿ.

ನೋಡೋಣ ಬಿಡಿ

ಇದಕ್ಕೇ ನಾನು ಮಾಡಿಸೋದೇ ಇಲ್ಲ. ನನಗೆ 71. ಎಪ್ಪತ್ತು ದಾಟಿದವರ ಶವಪರೀಕ್ಷೆ ಮಾಡಿದರೆ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಜನರ ಪ್ರಾಸ್ಟೇಟಿನಲ್ಲಿ ಕ್ಯಾನ್ಸರ್ ಕಾಣುತ್ತೆ. ಅವರು ಸತ್ತದ್ದು ಬೇರೆ ಯಾವುದಕ್ಕೋ. ಬದುಕಿರೋವರೆಗೂ ಅವರಿಗೆ ಅದು ಗೊತ್ತಿರಲಿಲ್ಲ, ನೆಮ್ಮದಿಯಾಗಿದ್ದರು. ಅಮೆರಿಕದ ತಜ್ಞರ ಸಮಿತಿ 2018ರಲ್ಲಿ 70 ದಾಟಿದವರಿಗೆ ಮಾಮೂಲಿ ಪಿಎಸ್‌ಎ ತಪಾಸಣೆ ಬೇಡ ಅಂತಲೇ ಹೇಳಿದೆ. 55ರಿಂದ 69ರವರಿಗೆ ‘ಡಾಕ್ಟರ ಜೊತೆ ಮಾತಾಡಿ ನೀವೇ ತೀರ್ಮಾನಿಸಿ’ ಅಂದಿದೆ. 1970ರಲ್ಲೇ ಪ್ರಾಸ್ಟೇಟಿನ ಪ್ರೋಟೀನುಗಳ ಮೇಲೆ ಕೆಲಸ ಮಾಡಿದ್ದ ರಿಚರ್ಡ್ ಆಬ್ಲಿನ್ ಎಂಬ ವಿಜ್ಞಾನಿಯೇ 2010ರಲ್ಲಿ ಪತ್ರಿಕೆಯಲ್ಲಿ ಬರೆದು, ಎಲ್ಲರಿಗೂ ಈ ಟೆಸ್ಟ್ ಮಾಡೋದನ್ನು ಝಾಡಿಸಿದರು. ನಿಮಗೆ ಕೇಳದೆ ಪ್ಯಾಕೇಜಿನಲ್ಲಿ ತುರುಕಿದರಲ್ಲ, ಅದೇ ದೊಡ್ಡ ತಪ್ಪು. ಕೇಳಿದ್ದರೆ ನೀವು ಬೇಡ ಅನ್ನಬಹುದಿತ್ತು.

ಈಗಲೂ ಏನಾಯಿತು? ಫೈಲ್ ಬೀರುವಿನಲ್ಲಿಟ್ಟು ಆರಾಮಾಗಿರಿ.

ಟ್ಯಾಲಿ ಆಗದವ

ನೋಡೋಣ ಬಿಡಿ ಸರ್, ಕೇಳದೆ ಮಾಡಿದ್ದು ತಪ್ಪು ಅನ್ನೋದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಬೀರುವಿನಲ್ಲಿಡಬಹುದಾದ್ದು ಫೈಲು ಮಾತ್ರ. ನಂಬರ್ ತಲೆಯಲ್ಲಿ ಕೂತಾಗಿದೆ. ಮತ್ತೆ, ನಿಮಗೆ 71, ನನಗೆ 58. ನಿಧಾನದ ಕಾಯಿಲೆಗೆ ನನ್ನ ಮುಂದೆ ಇನ್ನೂ ಬಹಳ ಸಮಯ ಇದೆ ಅನ್ನೋದೇ ನನ್ನ ತಲೆಬಿಸಿ.

ನೀವು ಹೇಳಿದ್ದನ್ನು ಓದಿ ಹುಡುಕಿದಾಗ ಯುರೋಪಿನ ದೊಡ್ಡ ಅಧ್ಯಯನ ಸಿಕ್ಕಿತು. 23 ವರ್ಷ ನೋಡಿದ್ದಾರೆ. ಪಿಎಸ್‌ಎ ತಪಾಸಣೆಗೆ ಕರೆದ ಗುಂಪಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ಸಾಯುವುದು ಶೇಕಡ 13ರಷ್ಟು ಕಡಿಮೆ. ಒಂದು ಸಾವು ತಪ್ಪಿಸಲು 456 ಜನರನ್ನು ತಪಾಸಣೆಗೆ ಕರೆಯಬೇಕು, 12 ಜನರಲ್ಲಿ ಹೆಚ್ಚುವರಿಯಾಗಿ ಕ್ಯಾನ್ಸರ್ ಪತ್ತೆಯಾಗಬೇಕು. ಲೆಕ್ಕದವನಿಗೆ ಇದು ಚೆಂದದ ಲೆಕ್ಕ. ಖರ್ಚು ಇಷ್ಟು, ಲಾಭ ಇಷ್ಟು. ಆದರೆ ಬ್ಯಾಲೆನ್ಸ್ ಶೀಟಿನಲ್ಲಿ ನಾನು ಯಾವ ಸಾಲಿನಲ್ಲಿದ್ದೇನೆ ಅಂತ ಅದು ಹೇಳಲ್ಲವಲ್ಲ! ಆ ಒಬ್ಬನಾ, ಉಳಿದ ಹನ್ನೊಂದರಲ್ಲಾ, 444ರಲ್ಲಾ?

ಲ್ಯಾಬ್ ಸರ್, ‘ಐದರ ಆಸುಪಾಸು’ ಅಂದಿರಲ್ಲ, ಅದು ನನಗೆ ಬಹಳ ಉಪಯೋಗವಾಯಿತು. ಎಕ್ಸೆಲ್‌ನ ಗೆರೆ ಅಳಿಸಿದೆ. ಚುಕ್ಕೆಗಳನ್ನು ಮಾತ್ರ ಬಿಟ್ಟಿದ್ದೇನೆ.

ಫೈಲ್ ಹಿಡಿದವಳು

ನೀವೆಲ್ಲ ಗಂಡಸರು ನಂಬರಿನ ಬಗ್ಗೆ ಚೆನ್ನಾಗಿ ಮಾತಾಡ್ತೀರಿ. ಅಣ್ಣಾ, ನಿಮ್ಮ ಕೊನೇ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ನಾನು ಕೊಡ್ತೀನಿ.

ಪೂರ್ತಿ ಹೇಳಿ. ಇವತ್ತೇ ಹೇಳಿ.

ನಮ್ಮೆಜಮಾನರು ಹೇಳಿರಲಿಲ್ಲ. ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡಿದ್ದರು. ನನಗೆ ಕಂಡದ್ದು ಏನು? ಮಾತು ಕಡಿಮೆಯಾಯಿತು, ಸಣ್ಣದಕ್ಕೆಲ್ಲ ರೇಗ್ತಿದ್ದರು, ಫೋನ್ ತಿರುಗಿಸಿ ಮಲಗಿಸಿ ಇಡ್ತಿದ್ದರು. ನಾನು ಏನೇನೋ ಅಂದುಕೊಂಡೆ, ಅದನ್ನು ಇಲ್ಲಿ ಬರೆಯಲ್ಲ. ಕೊನೆಗೆ ಇನ್ಶೂರೆನ್ಸ್ ಕಾಗದ ಹುಡುಕುವಾಗ ಬಟ್ಟೆಯ ಅಡಿಯಲ್ಲಿ ಬಯಾಪ್ಸಿ ಚೀಟಿ ಸಿಕ್ಕಿತು. ‘ನಿನಗೆ ಯಾಕೆ ಸುಮ್ನೆ ಚಿಂತೆ ಅಂತ’ ಅಂದರು. ಚಿಂತೆ ಇರಲಿಲ್ಲ ಅಂತ ಇವರು ನಂಬಿದ್ದರು ನೋಡಿ! ನಾನು ಬೇರೆ ಯಾವುದೋ ವಿಷಯದ ಚಿಂತೆ ಮಾಡ್ತಿದ್ದೆ, ಅಷ್ಟೇ ವ್ಯತ್ಯಾಸ.

‘ಸ್ವಲ್ಪ ಜಾಸ್ತಿ ಇದೆಯಂತೆ’ ಅಂತ ಅರ್ಧ ಹೇಳಿದರೆ ಅವರಿಗೆ ಸಿಗೋದು ನಿಮ್ಮ ಮುಖ ಮಾತ್ರ. ಇಲ್ಲಿ ಬರೆದಿರೋದನ್ನೇ ಓದೋಕೆ ಕೊಡಿ. ಡಾಕ್ಟರ ಹತ್ತಿರ ಜೊತೆಗೆ ಕರ್ಕೊಂಡು ಹೋಗಿ. ಇವರ ವಿಷಯ ಹೇಳೋದಾದರೆ, ಒಳಗೆ ಡಾಕ್ಟ್ರು ಹೇಳಿದ್ದರಲ್ಲಿ ಇವರಿಗೆ ‘ಕ್ಯಾನ್ಸರ್’ ಅನ್ನೋ ಮಾತು ಬಿಟ್ಟು ಬೇರೇನೂ ಕೇಳಿಸಿರಲಿಲ್ಲ. ನಾನು ಬರೆದುಕೊಂಡಿದ್ದೆ, ಅದರಿಂದ ಬಚಾವ್.

ಮಗನಿಗೂ ಹೇಳಿ, ಆದರೆ ಗಾಬರಿ ಮಾಡುವ ಹಾಗಲ್ಲ. ಅಪ್ಪನಿಗೋ ಅಣ್ಣತಮ್ಮನಿಗೋ ಇದ್ದರೆ ಅಪಾಯ ಸುಮಾರು ಎರಡು ಪಟ್ಟು ಅಂತಾರೆ. ನಿಮಗೆ ಇದೆ ಅಂತ ಆದರೆ ಅವನು ಮುಂದೆ ತನ್ನ ಡಾಕ್ಟರಿಗೆ ಹೇಳಬೇಕಾಗುತ್ತೆ. ನಿಮ್ಮ ದೊಡ್ಡಪ್ಪನ ವಿಷಯ ನಿಮಗೆ ಗೊತ್ತಿಲ್ಲದೆ ಫಾರಂನಲ್ಲಿ ಪ್ರಶ್ನೆ ಚಿಹ್ನೆ ಹಾಕಿ ಬಂದಿರಲ್ಲ. ನಿಮ್ಮ ಮಗನೂ ಹಾಗೆ ಹಾಕಬೇಕಾ?

ರಾತ್ರಿ ಎದ್ದು ಧಾರೆ ಕೇಳ್ತಾ ನಿಲ್ಲೋದನ್ನು ನಿಲ್ಲಿಸಿ ಅಣ್ಣಾ. ಶುರುವಿನಲ್ಲಿ ಈ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಲಕ್ಷಣವೇ ಇರಲ್ಲ. ಧಾರೆ ಸಣ್ಣ ಆಗೋದು, ಮತ್ತೆ ಮತ್ತೆ ಏಳೋದು ಹೆಚ್ಚಾಗಿ ವಯಸ್ಸಿಗೆ ಗ್ರಂಥಿ ಊದುವುದರಿಂದ. ಎಷ್ಟು ಹೊತ್ತು ಕೇಳಿದರೂ ನಿಮಗೆ ಬೇಕಾದ ಉತ್ತರ ಅಲ್ಲಿಂದ ಬರಲ್ಲ, ಕಾಲು ತಣ್ಣಗಾಗುತ್ತೆ.

ನಮ್ಮವರಿಗೆ ಸಿಕ್ಕಿದ್ದು ಜೋರಿನ ಕ್ಯಾನ್ಸರ್. ರೇಡಿಯೇಷನ್ ಆಯಿತು, ಹಾರ್ಮೋನ್ ಇಂಜೆಕ್ಷನ್ ಆಯಿತು. ಈಗ ಚೆನ್ನಾಗಿದ್ದಾರೆ. ಹಾಗಂತ ಪಿಎಸ್‌ಎ ಮುಗಿಯಿತಾ? ಇಲ್ಲ. ಆಪರೇಷನ್ ಆದವರಿಗೆ ಅದು ಹೆಚ್ಚುಕಡಿಮೆ ಸೊನ್ನೆಗೆ ಇಳಿಯಬೇಕು. ರೇಡಿಯೇಷನ್ ಆದವರಿಗೆ ಗ್ರಂಥಿ ಒಳಗೇ ಇರುತ್ತೆ, ಪೂರ್ತಿ ಸೊನ್ನೆ ಆಗಲ್ಲ. ಮೊದಲ ಒಂದೆರಡು ವರ್ಷದಲ್ಲಿ ಸುಮ್ಮಸುಮ್ಮನೆ ಸ್ವಲ್ಪ ಏರಿ ತಾನೇ ಇಳಿಯೋದೂ ಉಂಟು, ಬೌನ್ಸ್ ಅಂತಾರೆ. ಅದನ್ನು ನಮಗೆ ಮೊದಲೇ ಹೇಳಿದ್ದರು. ಆದರೂ ಏರಿದ ದಿನ ಇಬ್ಬರೂ ಕಾರಿನಲ್ಲಿ ಕೂತು ಸ್ಟಾರ್ಟ್ ಮಾಡದೆ ಸುಮ್ಮನಿದ್ದೆವು. ಆದರೆ ಇಬ್ಬರೂ ಇದ್ದೆವು.

ಟ್ಯಾಲಿ ಆಗದವ

ಅಕ್ಕಾ, ಹೇಳಿದೆ. ನಿಮ್ಮ ಮಾತನ್ನೇ ಓದೋಕೆ ಕೊಟ್ಟೆ. ಓದಿ ಫೋನ್ ವಾಪಸ್ ಕೊಟ್ಟು, ‘ನನಗೆ ಮೊದಲ ದಿನವೇ ಗೊತ್ತಾಗಿತ್ತು, ನೀವಾಗಿ ಹೇಳಲಿ ಅಂತ ಇದ್ದೆ’ ಅಂದಳು. ಆ ರಾತ್ರಿ ಫೋನ್ ಬೆಳಕು ಅವಳ ಕಣ್ಣಿಗೂ ಬೀಳ್ತಿತ್ತಂತೆ. ಮಗನಿಗೆ ಎಂಆರ್‌ಐ ಆದ ಮೇಲೆ ಹೇಳೋಣ ಅಂತ ಇಬ್ಬರೂ ಸೇರಿ ತೀರ್ಮಾನ ಮಾಡಿದ್ದೇವೆ.

ಹೌದು, ಎಂಆರ್‌ಐ ಮಾಡಿಸೋದು ಅಂತ ಆಯಿತು. ‘ಎರಡೂ ಸರಿ’ ಅನ್ನೋದರಲ್ಲಿ ನಾನು ಆರಿಸಿದ ಆಧಾರ ಇಷ್ಟೇ: ಮೂರು ತಿಂಗಳು ಬಿಟ್ಟು ಸಿಗುವುದು ಮತ್ತೊಂದು ‘ಐದರ ಆಸುಪಾಸು’. ಎಂಆರ್‌ಐಯಲ್ಲಿ ಬೇರೆ ಥರದ ಮಾಹಿತಿ ಸಿಗುತ್ತೆ. ಇದು ವೈದ್ಯಕೀಯವಾಗಿ ಸರಿಯೋ ಇಲ್ಲವೋ, ನನ್ನ ಸ್ವಭಾವಕ್ಕಂತೂ ಸರಿ.

ಆದರೆ ಈಗ ಹೊಸ ಹುಳ ಹೊಕ್ಕಿದೆ. ಎಂಆರ್‌ಐಗೆ ಪೈರಾಡ್ಸ್ ಅಂತ 1ರಿಂದ 5ರ ಅಂಕ ಕೊಡ್ತಾರಂತೆ. 1, 2 ಬಂದರೆ ಅನುಮಾನ ಕಡಿಮೆ. 4, 5 ಬಂದರೆ ಜಾಸ್ತಿ, ಬಯಾಪ್ಸಿ. 3 ಅಂದ್ರೆ ‘ಹೇಳೋಕಾಗಲ್ಲ’ ಅಂತೆ. ನನ್ನ ಜಾತಕ ನೋಡಿದರೆ 3 ಬರೋದು ಗ್ಯಾರಂಟಿ. ಅದು ಬಂದರೆ?

ಮೂರು ಪ್ಲಸ್ ಮೂರು

ಬಂದರೆ ನಿಮ್ಮ ಕೈಗೆ ನಿಮಗಿಷ್ಟವಾದ ಕೆಲಸ ಸಿಗುತ್ತೆ, ಒಂದು ಭಾಗಾಕಾರ.

ಎಂಆರ್‌ಐ ರಿಪೋರ್ಟಿನಲ್ಲಿ ಗ್ರಂಥಿಯ ಗಾತ್ರ ಬರೆದಿರುತ್ತಾರೆ, ಇಷ್ಟು ಮಿಲಿಲೀಟರ್ ಅಂತ. ಜನ ಪೈರಾಡ್ಸ್ ಅಂಕ ಹುಡುಕುವ ಭರದಲ್ಲಿ ಆ ಸಾಲು ಓದೋದೇ ಇಲ್ಲ. ನಿಮ್ಮ ಪಿಎಸ್‌ಎಯನ್ನು ಆ ಗಾತ್ರದಿಂದ ಭಾಗಿಸಿ. ಅದು ಪಿಎಸ್‌ಎ ಡೆನ್ಸಿಟಿ. ಗ್ರಂಥಿ 50 ಇದ್ದರೆ 4.9 ಭಾಗ 50, ಸುಮಾರು 0.10. ಗ್ರಂಥಿ 25 ಇದ್ದರೆ ಸುಮಾರು 0.20. ಡಾಕ್ಟರುಗಳು ಸಾಮಾನ್ಯವಾಗಿ ನೋಡುವ ಗೆರೆ 0.15. ಅದೇ 4.9, ದೊಡ್ಡ ಗ್ರಂಥಿಯಿಂದ ಬಂದರೆ ಒಂದು ಅರ್ಥ, ಚಿಕ್ಕದರಿಂದ ಬಂದರೆ ಇನ್ನೊಂದು. ಪೈರಾಡ್ಸ್ 3 ಬಂದು ಡೆನ್ಸಿಟಿ ಕಡಿಮೆ ಇದ್ದರೆ ‘ಸದ್ಯಕ್ಕೆ ಬಯಾಪ್ಸಿ ಬೇಡ, ಪಿಎಸ್‌ಎ ನೋಡ್ತಾ ಇರೋಣ’ ಅನ್ನೋ ಡಾಕ್ಟ್ರು ಬಹಳ ಜನ. ಜಾಸ್ತಿ ಇದ್ದರೆ ಬಯಾಪ್ಸಿ ಕಡೆ ವಾಲ್ತಾರೆ. ಬೆರಳಿಗೆ ನಿಮ್ಮದು ದಪ್ಪ ಅಂತ ಸಿಕ್ಕಿದೆಯಲ್ಲ, ಈ ಲೆಕ್ಕದಲ್ಲಿ ಅದು ಒಳ್ಳೇ ಸುದ್ದಿ ಆಗಬಹುದು. ಆಗಬಹುದು ಅಂತ ಮಾತ್ರ ಹೇಳ್ತಿದ್ದೀನಿ.

1 ಅಥವಾ 2 ಬಂದರೂ ಅದು ಪೂರ್ತಿ ಬಿಡುಗಡೆ ಅಂತ ತಿಳ್ಕೋಬೇಡಿ. 2017ರ ಬ್ರಿಟನ್ನಿನ ಪ್ರಾಮಿಸ್ ಅಧ್ಯಯನದಲ್ಲಿ ಗಂಭೀರ ಕ್ಯಾನ್ಸರ್‌ಗಳಲ್ಲಿ ಶೇಕಡ 93ರಷ್ಟನ್ನು ಎಂಆರ್‌ಐ ಹಿಡಿಯಿತು. ಹಳೇ ಪದ್ಧತಿಯ ಬಯಾಪ್ಸಿ ಹಿಡಿದದ್ದು 48. ಅಂದ್ರೆ ಎಂಆರ್‌ಐ ಬಹಳ ಮೇಲು, ಆದರೂ ಅಷ್ಟಿಷ್ಟು ಕಣ್ತಪ್ಪುತ್ತೆ. ಅದಕ್ಕೇ ಆಮೇಲೂ ಪಿಎಸ್‌ಎ ನೋಡ್ತಾ ಇರ್ತಾರೆ. ನಿಮ್ಮಲ್ಲಿ ಇರುವ ಅನುಮಾನ ಕಡಿಮೆ ಆಗ್ತಾ ಹೋಗುತ್ತೆ. ಸೊನ್ನೆಗೆ ಮುಟ್ಟಿದ್ದನ್ನು ನಾನಂತೂ ನೋಡಿಲ್ಲ.

ಎಂಆರ್‌ಐಗೆ ಮೊದಲೇ ಡಾಕ್ಟರ ಹತ್ತಿರ ಆ ಹಾಳೆ ಬರೆಸಿಕೊಳ್ಳಿ. 1-2 ಬಂದರೆ ಏನು, 3 ಬಂದು ಡೆನ್ಸಿಟಿ ಇಷ್ಟಿದ್ದರೆ ಏನು, 4-5 ಬಂದರೆ ಏನು.

ನೋಡೋಣ ಬಿಡಿ

58 ಅಂತ ನೋಡದೆ ನನ್ನ ವಯಸ್ಸಿನ ಲೆಕ್ಕ ನಿಮಗೆ ಹಾಕಿದೆ ಅಂತ ನಮ್ಮನೆಯವಳು ಬೈದಳು. ಎಂಆರ್‌ಐ ಮಾಡಿಸಿ. ಪ್ಯಾಕೇಜಿನವರ ಮೇಲಿನ ಸಿಟ್ಟು ಮಾತ್ರ ವಾಪಸ್ ತಗೊಳ್ಳಲ್ಲ.

ಹಳೇ ಲ್ಯಾಬ್‌ನವ

ಸಣ್ಣದೊಂದು. ಮೈಯೊಳಗೆ ಪೇಸ್‌ಮೇಕರ್, ಕ್ಲಿಪ್, ಯಾವುದೇ ಲೋಹ ಇದ್ದರೆ ಎಂಆರ್‌ಐಯವರಿಗೆ ಬುಕ್ ಮಾಡುವಾಗಲೇ ಹೇಳಿ. ಚಿತ್ರ ಸ್ಪಷ್ಟವಾಗಿ ಕಾಣಲಿ ಅಂತ ಹಾಕುವ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಡ್ತಾರಾ ಅಂತ ಕೇಳಿ, ಕೊಡೋದಾದರೆ ಕಿಡ್ನಿಯ ಹಳೇ ರಿಪೋರ್ಟ್ ತಗೊಂಡು ಹೋಗಿ. ಎರಡೂ ಪಿಎಸ್‌ಎ ರಿಪೋರ್ಟ್ ಕೂಡ ಜೊತೆಗಿರಲಿ. ಸ್ಕ್ಯಾನ್ ಓದುವವರಿಗೆ ಅದು ಬೇಕಾಗುತ್ತೆ. ಒಳಗೆ ಸದ್ದು ಜೋರು, ಕಿವಿಗೆ ಹಾಕಿಕೊಳ್ಳೋಕೆ ಕೊಡ್ತಾರೆ.

ಟ್ಯಾಲಿ ಆಗದವ

ಪೇಸ್‌ಮೇಕರ್ ಇಲ್ಲ ಸರ್. ಮೊಣಕಾಲಿನಲ್ಲಿ ಹಳೇ ಸ್ಕ್ರೂ ಒಂದಿದೆ, ನೀವು ಹೇಳದಿದ್ದರೆ ನೆನಪೇ ಆಗ್ತಿರಲಿಲ್ಲ. ನಾಳೆ ಬೆಳಗ್ಗೆ ಫೋನ್ ಮಾಡಿ ಕೇಳ್ತೀನಿ. ಹಾಳೆ ಬರೆಸಿಕೊಳ್ಳೋಕೆ ಅದಕ್ಕೂ ಮೊದಲು ಡಾಕ್ಟರ ಅಪಾಯಿಂಟ್‌ಮೆಂಟ್ ತಗೊಂಡಿದ್ದೇನೆ, ಇವಳೂ ಬರ್ತಾಳೆ. ರಿಪೋರ್ಟ್ ಬರುವ ದಿನ ಆಪ್ ಅವಳ ಫೋನಿನಲ್ಲಿ ಇರುತ್ತೆ, ಪಾಸ್‌ವರ್ಡ್ ಈಗಾಗಲೇ ಬದಲಾಯಿಸಿದ್ದಾಳೆ. ನನಗೆ ಹೇಳಿಲ್ಲ.